ಬೆಳ್ಳಂದೂರು ಕೆರೆಗೆ ಇಳಿದ ಕಡಲ ವಿಮಾನ

ಸತ್ಯನಾರಾಯಣಪೇಟೆಯ ಮನೆಯ ಮಾಳಿಗೆಯಿಂದ ಕಾಣುವುದಕ್ಕಿಂತ ಬಳ್ಳಾರಿ ಕೋಟೆ ಗುಡ್ಡದ ಮೇಲಿನಿಂದ ಹೆಚ್ಚು ದೂರ ಕಾಣುತ್ತದೆ. ಏಕೆ? ಭೂಮಿ ದುಂಡಗಿದೆ, ಮೇಲೇರಿದಷ್ಟೂ ದಿಗಂತ ದೂರ ಸರಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸೋಲು ಗೆಲುವುಗಳಲ್ಲಿ ಈ ಸರಳ ಸಂಗತಿಯ ಪಾಲು ದೊಡ್ಡದು.

ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಹಡಗಿನಲ್ಲಿ 16 ಮೀಟರ್ ಎತ್ತರದಲ್ಲಿ ನಿಂತವನಿಗೆ ಸುಮಾರು 14 ಕಿ.ಮೀ. ಮಾತ್ರ. 1,000 ಮೀಟರ್ ಎತ್ತರದ ವಿಮಾನಕ್ಕೆ ಸುಮಾರು 113 ಕಿ.ಮೀ.! ಶತ್ರುವನ್ನು ಮೊದಲು ಕಂಡವರದೇ ಮೇಲುಗೈ.

ಹಾಗೆ ಕಾಣಲೆಂದು ಹಾರಿದ್ದೇ ಅಮೆರಿಕದ ಕ್ಯಾಟಲೀನಾ ವಿಮಾನ. ಅದರ ಹೊಟ್ಟೆ ದೋಣಿಯಂತೆ. ವೇಗ ಗಂಟೆಗೆ ಸುಮಾರು 200 ಕಿ.ಮೀ., ಅಂದರೆ ಯುದ್ಧವಿಮಾನಗಳ ಎದುರು ಆಮೆ. ಆದರೆ ಒಮ್ಮೆ ಹೊರಟರೆ ಹದಿನೈದು ಗಂಟೆಗೂ ಹೆಚ್ಚು ಕಾಲ ಹಾರಬಲ್ಲದು. 1942ರ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನಿ ನೌಕಾಪಡೆಯನ್ನು ಕಂಡು ಕೊಲಂಬೋಗೆ ಎಚ್ಚರಿಕೆ ಕೊಟ್ಟದ್ದು ಕೆನಡಾದ ಬರ್ಚಾಲ್ ನಡೆಸುತ್ತಿದ್ದ ಕ್ಯಾಟಲೀನಾ. ಸುದ್ದಿ ಕಳಿಸುತ್ತಿರುವಾಗಲೇ ಅದನ್ನು ಹೊಡೆದುರುಳಿಸಲಾಯಿತು, ಬದುಕುಳಿದವರು ಸೆರೆಯಾದರು. ಜೂನ್ 4ರಂದು ಮಿಡ್‌ವೇ ಬಳಿ ಜಪಾನಿನ ವಿಮಾನವಾಹಕ ಹಡಗುಗಳನ್ನು ಪತ್ತೆ ಹಚ್ಚಿದ್ದೂ ಕ್ಯಾಟಲೀನಾವೇ. ಆ ಕದನದಲ್ಲಿ ಜಪಾನ್ ಅಂಥ ನಾಲ್ಕು ಹಡಗುಗಳನ್ನು ಕಳೆದುಕೊಂಡಿತು.

ಈ ವಿಮಾನಗಳ ರಿಪೇರಿ ಎಲ್ಲಿ ನಡೆಯುತ್ತಿತ್ತು ಗೊತ್ತೇ? ನಮ್ಮ ಬೆಂಗಳೂರಿನಲ್ಲೂ! ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಯಿತು. ಚಕ್ರವಿಲ್ಲದ ಕ್ಯಾಟಲೀನಾಗಳಿಗೆ ರನ್‌ವೇ ಆಗದು, ನೀರೇ ಬೇಕು. ಕಡಲಿಲ್ಲದ ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಒದಗಿದ್ದು ಬೆಳ್ಳಂದೂರು ಕೆರೆ.

ಇಳಿಯುವುದಕ್ಕಿಂತ ಏಳುವುದು ಕಷ್ಟ, ಏಕೆಂದರೆ ನೀರು ದೋಣಿಯ ತಳಕ್ಕೆ ಅಂಟಿ ಹಿಂದಕ್ಕೆ ಎಳೆಯುತ್ತದೆ. ಅದಕ್ಕಾಗಿ ತಳದಲ್ಲಿ ಮೆಟ್ಟಿಲಿನಂಥ ಒಂದು ಅಂಚು ಇಟ್ಟಿರುತ್ತಾರೆ. ವೇಗ ಹೆಚ್ಚಿದಾಗ ನೀರು ಆ ಅಂಚಿನಲ್ಲಿ ತಳವನ್ನು ಬಿಡುತ್ತದೆ, ಹಿಂದೆ ಗಾಳಿ ನುಗ್ಗುತ್ತದೆ, ವಿಮಾನ ಹಗುರಾಗಿ ಮೇಲೇಳುತ್ತದೆ.

ಯುದ್ಧ ಮುಗಿಯುವ ಹೊತ್ತಿಗೆ ಈ ವಿಮಾನ ಇನ್ನೊಂದು ಕೆಲಸ ಮಾಡಿತು. ಹಿರೋಷಿಮಾ ಬಾಂಬಿನ ಭಾಗಗಳನ್ನು ಟಿನಿಯನ್ ದ್ವೀಪಕ್ಕೆ ಮುಟ್ಟಿಸಿ ಹೊರಟ ಇಂಡಿಯಾನಾಪೊಲಿಸ್ ಹಡಗು 1945ರ ಜುಲೈ 30ರಂದು ಟಾರ್ಪೆಡೊ ಏಟಿಗೆ ಹನ್ನೆರಡೇ ನಿಮಿಷಗಳಲ್ಲಿ ಮುಳುಗಿತು. ಹಡಗು ಬಾರದಿದ್ದುದನ್ನು ಯಾರೂ ವಿಚಾರಿಸಲಿಲ್ಲ. ನೀರಿಗೆ ಬಿದ್ದವರು ಬಾಯಾರಿಕೆಯಿಂದ, ಶಾರ್ಕ್‌ಗಳಿಂದ ಸಾಯುತ್ತಿದ್ದರು. ನಾಲ್ಕನೆಯ ದಿನ ಬಂದ ಕ್ಯಾಟಲೀನಾದ ಚಾಲಕ ಏಡ್ರಿಯನ್ ಮಾರ್ಕ್ಸ್, ತೆರೆದ ಕಡಲಿನಲ್ಲಿ ಇಳಿಯಬಾರದೆಂಬ ಆದೇಶ ಮೀರಿ, ಎತ್ತರದ ಅಲೆಗಳ ನಡುವೆ ಇಳಿಸಿದ. 56 ಮಂದಿಯನ್ನು ಹತ್ತಿಸಿಕೊಂಡ. ಒಳಗೆ ಜಾಗ ಸಾಲದೆ ಉಳಿದವರನ್ನು ರೆಕ್ಕೆಯ ಮೇಲೆ ಪ್ಯಾರಾಚೂಟ್ ಹಗ್ಗದಿಂದ ಕಟ್ಟಿ ಹಾಕಿದ. ವಿಮಾನ ಜಖಂಗೊಂಡು ಮತ್ತೆ ಹಾರಲಿಲ್ಲ. ರಾತ್ರಿಯಿಡೀ ದೋಣಿಯಂತೆ ತೇಲುತ್ತ ಅವರನ್ನು ಕಾಯಿತು. ಸುಮಾರು 1,200 ಮಂದಿಯಲ್ಲಿ ಬದುಕಿದವರು 316.

ಯುದ್ಧಕಾಲದಲ್ಲಿ ವಿಮಾನಗಳಿಗೆ ಮಡಿಲಾದ ಬೆಳ್ಳಂದೂರು ಕೆರೆ, 2018ರ ಜನವರಿಯಲ್ಲಿ ಹೊತ್ತಿ ಉರಿಯಿತು. ಸಾಬೂನಿನ ಪುಡಿ, ಚರಂಡಿ ನೀರು ಸೇರಿ ನೊರೆಯೆದ್ದು ರಸ್ತೆಗೂ ಹಾರಿತ್ತು. ಶತ್ರುವಿನ ಒಂದು ಬಾಂಬೂ ಬೀಳದ ಕೆರೆಗೆ ಈ ಗತಿ ತಂದವರು ಯಾರು? ಮಕ್ಕಳು ಕೇಳಿದರೆ ದೊಡ್ಡವರು ಉತ್ತರ ಹೇಳಬೇಕಾಗುತ್ತದೆ.