ಮೈಕಿನಲ್ಲಿ ಹೇಳಿಬಿಡಿ

ಸಿನಿಮಾ ಸರಣಿಯ ಎರಡನೇ ಭಾಗ ಬಂದಾಗ ಒಂದು ಗಲಾಟೆ ಇದ್ದದ್ದೇ. ನಾಯಕ ಅವನೇ ಇರ್ತಾನೆ, ಆದರೆ ಅವನ ಗೆಳೆಯನೋ ಅಪ್ಪನೋ ಬೇರೆ ಯಾರೋ ಆಗಿರ್ತಾರೆ. "ಛೇ, ಮೊದಲಿನವನೇ ಚೆನ್ನಾಗಿದ್ದ" ಅಂತ ನಾವೆಲ್ಲ ಹೊಸಬನ ಮೇಲೆ ಮುಗಿಬೀಳುತ್ತೇವೆ. ನನ್ನ ತಕರಾರು ಇಷ್ಟೇ. ನಟನನ್ನು ಬದಲಾಯಿಸುವುದರಲ್ಲಿ ತಪ್ಪಿಲ್ಲ. ಬದಲಾಯಿಸಿದ್ದನ್ನು ಮುಚ್ಚಿಡುವುದು ತಪ್ಪು. ನಮ್ಮ ಸಿಟ್ಟು ಅಲ್ಲಿ ಬೀಳಬೇಕು.

ನಾನು ಬೆಳೆದದ್ದು ಕಾರವಾರ-ಅಂಕೋಲಾ ನಡುವಿನ ಒಂದು ಹಳ್ಳಿಯಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ಆಟ ಆಗುತ್ತಿತ್ತು. ಆಟ ಅಂದರೆ ಯಕ್ಷಗಾನ. ಒಂದು ರಾತ್ರಿ ಭಸ್ಮಾಸುರ ಮೋಹಿನಿ ಪ್ರಸಂಗ. ಮೋಹಿನಿ ಮಾಡಬೇಕಾದವರಿಗೆ ಜ್ವರ. ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳಿದರು: ಇಂಥವರಿಗೆ ಹುಷಾರಿಲ್ಲ, ಅವರ ಬದಲಿಗೆ ಇಂಥವರು ಮಾಡುತ್ತಾರೆ, ಪ್ರೇಕ್ಷಕರು ಸಹಕರಿಸಬೇಕು. ಜನ ಒಂದಿಷ್ಟು ಗೊಣಗಿದರು. ಆಮೇಲೆ ಬೆಳಗಿನವರೆಗೂ ಕೂತು ನೋಡಿದರು. ಮನೆಗೆ ನಡೆಯುವಾಗ ಅಜ್ಜ ಹೊಸ ಮೋಹಿನಿಯ ಬಗ್ಗೆಯೇ ಮಾತಾಡುತ್ತಿದ್ದ. "ಕುಣಿತ ಅಡ್ಡಿಲ್ಲ, ಮಾತು ಸಾಲ." ಹೊಗಳಿದ್ದೂ ಆ ಕಲಾವಿದನ ಹೆಸರು ಹಿಡಿದೇ, ಬೈದದ್ದೂ ಹೆಸರು ಹಿಡಿದೇ.

ಈಗ ಹಾಲಿವುಡ್ಡಿಗೆ ಬನ್ನಿ. 'ಬ್ಯಾಕ್ ಟು ದಿ ಫ್ಯೂಚರ್' ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಎಲ್ಲರೂ ನೋಡಿದ ಸಿನಿಮಾ. 1985ರ ಮೊದಲ ಭಾಗದಲ್ಲಿ ನಾಯಕನ ಅಪ್ಪ ಜಾರ್ಜ್ ಮೆಕ್‌ಫ್ಲೈ ಆಗಿದ್ದವರು ಕ್ರಿಸ್ಪಿನ್ ಗ್ಲೋವರ್. 1989ರ ಎರಡನೇ ಭಾಗಕ್ಕೆ ಅವರ ಜೊತೆ ಒಪ್ಪಂದ ಕುದುರಲಿಲ್ಲ. ಜೆಫ್ರಿ ವೈಸ್‌ಮನ್ ಎಂಬ ನಟನನ್ನು ಕರೆತಂದರು. ಅಲ್ಲಿಯವರೆಗೆ ಸರಿ. ಆದರೆ ಗ್ಲೋವರ್ ಮುಖದ ಅಚ್ಚು ಬಳಸಿ ಮೇಕಪ್ ಮಾಡಿ, ವೈಸ್‌ಮನ್‌ರನ್ನು ಗ್ಲೋವರ್ ಥರ ಕಾಣಿಸಿದರು. ನಡುನಡುವೆ ಹಳೆಯ ದೃಶ್ಯಗಳನ್ನು ಸೇರಿಸಿದರು. ಒಂದು ದೃಶ್ಯದಲ್ಲಂತೂ ಮುಖ ಗುರುತು ಸಿಗದ ಹಾಗೆ ತಲೆಕೆಳಗಾಗಿ ನೇತುಹಾಕಿದರು! ನೋಡಿದವರು ಗ್ಲೋವರ್ ಅಂತಲೇ ನಂಬಿದರು. ಗ್ಲೋವರ್ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಇತ್ತ ವೈಸ್‌ಮನ್‌ರನ್ನು ಸೆಟ್‌ನಲ್ಲಿ 'ಕ್ರಿಸ್ಪಿನ್' ಅಂತಲೇ ಕರೆಯುತ್ತಿದ್ದರಂತೆ. ಒಬ್ಬನ ಮುಖ ಹೋಯಿತು, ಇನ್ನೊಬ್ಬನ ಹೆಸರು ಹೋಯಿತು.

ತಮಾಷೆ ಅಂದರೆ, ಅದೇ ಸಿನಿಮಾದಲ್ಲಿ ನಾಯಕನ ಗೆಳತಿ ಜೆನ್ನಿಫರ್ ಕೂಡ ಬದಲಾಗಿದ್ದಳು. ತಾಯಿಗೆ ಕ್ಯಾನ್ಸರ್ ಆದ್ದರಿಂದ ಕ್ಲಾಡಿಯಾ ವೆಲ್ಸ್ ಬರಲಾಗಲಿಲ್ಲ, ಎಲಿಜಬೆತ್ ಶೂ ಬಂದರು. ಮೊದಲ ಭಾಗದ ಕೊನೆಯ ದೃಶ್ಯವನ್ನು ಶೂ ಜೊತೆ ಮತ್ತೆ ಚಿತ್ರೀಕರಿಸಿ ಎರಡನೆಯದರ ಆರಂಭಕ್ಕೆ ಇಟ್ಟರು. ಮುಖವಾಡ ಇಲ್ಲ, ಕಳ್ಳತನ ಇಲ್ಲ. ಆಮೇಲೆ ಪಾಪ ಆ ಪಾತ್ರವನ್ನು ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇಟ್ಟರು, ಅದು ಬೇರೆ ಮಾತು. 2010ರ 'ಐರನ್ ಮ್ಯಾನ್ 2' ಇನ್ನೂ ಚೆಂದ. ಟೆರೆನ್ಸ್ ಹೊವಾರ್ಡ್ ಜಾಗಕ್ಕೆ ಬಂದ ಡಾನ್ ಚೀಡಲ್, ಮೊದಲ ದೃಶ್ಯದಲ್ಲೇ "ನಾನೇ ಬಂದಿದ್ದೇನೆ, ಒಪ್ಪಿಕೊಳ್ಳಿ, ಮುಂದೆ ಹೋಗೋಣ" ಅನ್ನುವ ಅರ್ಥದ ಮಾತಾಡುತ್ತಾರೆ. ನಮ್ಮೂರ ಮೈಕಿನ ಮಾತೇ ಅದು.

ನಮ್ಮಲ್ಲಿ ವೈಜ್ಞಾನಿಕ ಸಿನಿಮಾ ಸರಣಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕೆಜಿಎಫ್ ತೆಗೆದುಕೊಳ್ಳೋಣ. 2018ರಲ್ಲಿ ಕಥೆ ಹೇಳಿದ್ದು ನಮ್ಮ ಜಿಲ್ಲೆಯ ಮೂಲದ ಅನಂತನಾಗ್. 2022ರಲ್ಲಿ ಆ ಕುರ್ಚಿಯಲ್ಲಿ ಪ್ರಕಾಶ್ ರೈ. ಅವರಿಗೆ ಹಳೆಯ ವೇಷ ತೊಡಿಸಲಿಲ್ಲ. ಆನಂದ್ ಇಂಗಳಗಿಗೆ ಹುಷಾರಿಲ್ಲ, ಇವನು ಅವರ ಮಗ ಅಂತ ಕಥೆಯಲ್ಲೇ ಹೇಳಿಬಿಟ್ಟರು. ಬೇಜಾರಾದವರು ಬೇಜಾರಾದರು, ಆದರೆ ಯಾರಿಗೂ ಮೋಸ ಆಗಲಿಲ್ಲ.

ಇಷ್ಟೊಂದು ಯಾಕೆ ಕೂಗ್ತೀಯ ಮಾರಾಯ ಅಂತೀರಾ? ಕಾರಣ ಇದೆ. ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ ಕ್ಲೈಂಟಿಗೆ ಒಬ್ಬ ಅನುಭವಿ ಸೀನಿಯರ್‌ನ ರೆಸ್ಯೂಮೆ ತೋರಿಸಿದ್ದರು. ಆತ ಕೆಲಸ ಬಿಟ್ಟ. ಆ ಜಾಗದಲ್ಲಿ ನನ್ನನ್ನು ಕೂರಿಸಿದರು, ಅವನ ಹೆಸರಿನ ಇಮೇಲ್ ಐಡಿ ಸಮೇತ. ಎಂಟು ತಿಂಗಳು ಕಾಲ್‌ನಲ್ಲಿ ಅವನ ಹೆಸರು ಕರೆದಾಗ ನಾನು "ಯೆಸ್" ಅಂದೆ. ಆ ಹೊಸ ಕೆಲಸ ಕೈಬಿಟ್ಟೀತೆಂದು ಬಾಯಿ ಮುಚ್ಚಿಕೊಂಡಿದ್ದೆ, ಅದು ನನ್ನ ತಪ್ಪು. ಒಮ್ಮೆ ಕ್ಲೈಂಟ್ ಮೆಚ್ಚುಗೆಯ ಮೇಲ್ ಕಳಿಸಿದ. ಚೌತಿಗೆ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅಪ್ಪ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ ಕೇಳಿದ, "ಇದ್ರಲ್ಲಿ ನಿನ್ನ ಹೆಸ್ರು ಎಲ್ಲದ್ಯೋ?" ಉತ್ತರ ಇರಲಿಲ್ಲ. ವೈಸ್‌ಮನ್ ಕಥೆ ಓದಿದಾಗ ಮೊದಲು ನೆನಪಾದದ್ದು ಆ ಪ್ರಶ್ನೆ.

ಪ್ರೇಕ್ಷಕನ ಗುಂಗು ಕೆಡಬಾರದು ಅಂತ ಹೀಗೆ ಮಾಡುತ್ತಾರೆ ಅನ್ನುವವರಿದ್ದಾರೆ. ಸುಳ್ಳು. ಗಂಡಸು ಮೋಹಿನಿಯಾಗಿ ಕುಣಿಯುವುದನ್ನು, ಅದೂ ಬದಲಿ ಗಂಡಸು ಅಂತ ಗೊತ್ತಿದ್ದೂ, ಬೆಳತನಕ ನೋಡಿದ ಜನ ನಾವು. ನಮ್ಮ ಗುಂಗು ಅಷ್ಟು ಸಲೀಸಾಗಿ ಕೆಡುವುದಿಲ್ಲ.

ಈಗ ಮುಖದ ಅಚ್ಚೂ ಬೇಡ. 1994ರಲ್ಲೇ ತೀರಿಕೊಂಡ ಪೀಟರ್ ಕುಶಿಂಗ್ ಮುಖವನ್ನು 2016ರ 'ರೋಗ್ ಒನ್' ಸಿನಿಮಾದಲ್ಲಿ ಕಂಪ್ಯೂಟರ್ ತಂದು ನಿಲ್ಲಿಸಿತು. ಕೆಳಗೆ ನಟಿಸಿದ್ದು ಗೈ ಹೆನ್ರಿ. ಅಲ್ಲಿ ಒಪ್ಪಿಗೆ ಪಡೆದಿದ್ದರು. ಮುಂದೆ ಎಲ್ಲರೂ ಪಡೆಯುತ್ತಾರಾ? ನಾಯಕನ ಮುಖ ಮುಟ್ಟಲು ಯಾರಿಗೂ ಧೈರ್ಯವಿಲ್ಲ, ಅವನಿಗೆ ವಕೀಲರಿದ್ದಾರೆ. ಹೋಗುವುದು ಅಪ್ಪ, ಗೆಳೆಯ, ಪೇದೆ, ಪಕ್ಕದ ಮನೆಯವನ ಪಾತ್ರ ಮಾಡಿದವರ ಮುಖ. ಅದನ್ನು ತೆಗೆದುಕೊಡುವ ಕೋಡ್ ಬರೆಯುವವರು ನನ್ನಂಥವರೇ.

ಅದಕ್ಕೇ ಹೇಳ್ತಿದ್ದೇನೆ. ಬದಲಾಯಿಸಿ, ಧಾರಾಳವಾಗಿ ಬದಲಾಯಿಸಿ. ಆದರೆ ಮೊದಲಿದ್ದವರು ಇಂಥವರು, ಈಗ ಬಂದವರು ಇಂಥವರು ಅಂತ ಒಂದು ಮಾತು ಹೇಳಿಬಿಡಿ. ಗೊಣಗುವವರು ಗೊಣಗಲಿ. ಅದಕ್ಕೆಲ್ಲ ಆಟ ನಿಲ್ಲೋದಿಲ್ಲ.