ಪಾಸು ಅಂಕ ಎಲ್ಲಿರಬೇಕು?

ಎಸ್ಸೆಸ್ಸೆಲ್ಸಿ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನು ಶೇಕಡಾ 35ರಿಂದ 33ಕ್ಕೆ ಇಳಿಸುವುದಾಗಿ ಕರ್ನಾಟಕ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. 625ಕ್ಕೆ 219 ಬೇಕಿದ್ದಲ್ಲಿ 206 ಸಾಕು. (ಪ್ರತಿ ವಿಷಯದ ಕನಿಷ್ಠ ಅಂಕದ ಮಾತು ಬೇರೆ.) ಮಕ್ಕಳಿಗೇನೋ ಸಮಾಧಾನ, ಫಲಿತಾಂಶ ಲೆಕ್ಕ ಹಾಕುವ ಗಣಕದ ಪ್ರೋಗ್ರಾಂಗೆ?

ಮರ್ಕಂಜದಂಥ ಊರಿನ ಶಾಲೆಯೊಂದು ತನ್ನ ಅಂಕಪಟ್ಟಿಗಳನ್ನು ಗಣಕದಲ್ಲಿ ಇಟ್ಟಿದೆ ಎನ್ನಿ. ಪ್ರೋಗ್ರಾಂನೊಳಗೆ 35 ಎಂಬ ಅಂಕಿ ಇಪ್ಪತ್ತು ಕಡೆ ಇದ್ದರೆ ಹತ್ತೊಂಬತ್ತು ತಿದ್ದಿ ಒಂದನ್ನು ಮರೆಯುವುದು ಸಹಜ. ಅದಕ್ಕೇ ಬದಲಾಗಬಹುದಾದ ಅಂಕಿಗಳನ್ನು ಬೇರೆಯೇ ಕಡತದಲ್ಲಿ ಇಡುತ್ತಾರೆ. ಇದೇ ಕಾನ್ಫಿಗರೇಷನ್.

ಅಷ್ಟೇ ಸಾಲದು. ಆ ಕಡತವನ್ನು ಎಲ್ಲರೂ ಇಣುಕುವ ಕರಿಹಲಗೆಯಂತೆ ಬಳಸಿದರೆ, ಅಲ್ಲಿ 33 ಎಂದು ತಿದ್ದಿದ ಮರುದಿನ 2025ರ ಹಳೆಯ ಪಟ್ಟಿ ತೆಗೆದಾಗ 210 ಅಂಕದ ಹುಡುಗನೂ ಪಾಸು!

ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಗಳ ದಾರಿ ಬೇರೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರ ಹೆಸರು ಹೊತ್ತ ಈ ಭಾಷೆಯ ಮೊದಲ ಆವೃತ್ತಿ ಬಂದದ್ದು 1990ರಲ್ಲಿ. ಅಲ್ಲಿ ಫಂಕ್ಷನ್ ಎಂದರೆ ಗಣಿತ ತರಗತಿಯ ಫಂಕ್ಷನ್ನೇ: ಅದನ್ನೇ ಕೊಟ್ಟರೆ ಅದೇ ಉತ್ತರ. ಕದ್ದು ಕರಿಹಲಗೆ ನೋಡುವಂತಿಲ್ಲ. ಅಂಕದ ಜೊತೆ ಆ ವರ್ಷದ ನಿಯಮವನ್ನೂ ಕೈಗೇ ಕೊಡಬೇಕು. 210ರ ಜೊತೆ 35 ಕೊಟ್ಟರೆ ನಾಪಾಸು, 33 ಕೊಟ್ಟರೆ ಪಾಸು. ಯಾವ ದಿನ ಕೇಳಿದರೂ ಅಷ್ಟೇ.

ಹೀಗೆ ಫಂಕ್ಷನ್‌ನಿಂದ ಫಂಕ್ಷನ್‌ಗೆ ನಿಯಮ ಹೊರುವುದು ಬೇಸರದ ಕೆಲಸವೇ. ಅದನ್ನು ತಾನೇ ದಾಟಿಸುವ ‘ರೀಡರ್’ ಎಂಬ ಏರ್ಪಾಡೂ ಉಂಟು. ಇನ್ನು ಕಡತವನ್ನು ಆರಂಭದಲ್ಲೇ ಒಮ್ಮೆ ಓದಿ ಪರೀಕ್ಷಿಸುವುದು ಲೇಸು. ಯಾರೋ 33ರ ಜಾಗದಲ್ಲಿ ‘ಮೂವತ್ಮೂರು’ ಎಂದು ಅಕ್ಷರದಲ್ಲಿ ಬರೆದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು, ಅರ್ಧ ಪಟ್ಟಿ ಸೂಚನಾ ಫಲಕಕ್ಕೆ ಏರಿದ ಮೇಲಲ್ಲ.