ಬಡತನದ ಗೆರೆ ಎಳೆಯುವವರಾರು?

ಪ್ರಪಂಚದಲ್ಲಿ ಕಡುಬಡವರು ಯಾರೆಂಬುದನ್ನು ವಾಷಿಂಗ್ಟನ್ನಿನ ವಿಶ್ವಬ್ಯಾಂಕು ತೀರ್ಮಾನಿಸುತ್ತ ಬಂದಿದೆ. 1990ರಲ್ಲಿ ತಲೆಗೆ ದಿನಕ್ಕೆ 1 ಡಾಲರ್ ಎಂದಿತು, 2022ರಲ್ಲಿ 2.15 ಎಂದಿತು, 2025ರ ಜೂನಿನಲ್ಲಿ 3 ಡಾಲರಿಗೆ ಏರಿಸಿತು. ಗೆರೆ ಸರಿದೊಡನೆ ಕಡುಬಡವರ ಲೆಕ್ಕಕ್ಕೆ ಸುಮಾರು 12.5 ಕೋಟಿ ಜನ ಸೇರಿದರು. ಅವರೇನು ರಾತ್ರೋರಾತ್ರಿ ಬಡವರಾದರೆ? ಹಿಂದಿನ ದಿನವೂ ಅವರ ಪಾಲಿನ ಗಂಜಿ ಅಷ್ಟೇ ಇತ್ತು.

3 ಡಾಲರ್ ಎಂದರೆ ಇನ್ನೂರೈವತ್ತು ರೂಪಾಯಿಗೂ ಮೇಲೆಂದು ಗಿರಣಿಯ ಗೆಳೆಯರು ಭ್ರಮಿಸಬೇಕಾಗಿಲ್ಲ. ಇದು ಕೊಳ್ಳುವ ಶಕ್ತಿಯ ಲೆಕ್ಕದ ಡಾಲರು; 2021ರ ಬೆಲೆಯಲ್ಲಿ ನಮ್ಮ ಅರವತ್ತು ರೂಪಾಯಿಯ ಆಸುಪಾಸು. ಅಷ್ಟರಲ್ಲೇ ಅಕ್ಕಿ, ಬಾಡಿಗೆ, ಔಷಧ, ಮಗುವಿನ ಪುಸ್ತಕ ಎಲ್ಲವೂ ಮುಗಿಯಬೇಕು! ನಮ್ಮವರೂ ಹಿಂದೆ ಬೀಳಲಿಲ್ಲ: 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿನ ಮುಂದೆ ನಗರವಾಸಿಗೆ ದಿನಕ್ಕೆ 32 ರೂಪಾಯಿಯ ಗೆರೆಯನ್ನಿಟ್ಟಿತ್ತು.

ಈ ಗೆರೆ ಹಸಿವನ್ನು ಅಳೆಯುತ್ತದೆ. ಕೂಲಿ ಏಕೆ ಕಡಮೆ, ಬಡ್ಡಿ ಏಕೆ ಹೆಚ್ಚು ಎಂದು ಕೇಳುವುದಿಲ್ಲ. ಗಿರಾಕಿಯ ಕೈ ಬರಿದಾದರೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದೇ. ಆದ್ದರಿಂದ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ಕೇಳಬೇಕಾದುದು ಬದುಕಲು ಸಾಲುವಷ್ಟು ಕೂಲಿ ಮತ್ತು ತಪ್ಪದ ಪಡಿತರ. ಬಡತನ ತೊಲಗಿತೆಂದು ಸಾರುವ ಹಕ್ಕು ಬಡವನದು, ಬ್ಯಾಂಕಿನದಲ್ಲ.